ಹಾದಿ ಬಿಡದವನು

"ಯಾರಾಗಬೇಕ್ರಿ ನಿಮಗ?" ಎಂದು, ಮಣ್ಣಿಗೆ ಹೋಗಲು ರಜೆ ಬೇಡಿದಾಗ ದುಂಡೇಶ ಕೇಳಿದ್ದಕ್ಕೆ ತಾನು ಕೊಟ್ಟ ಉತ್ತರ, ಡಿಸ್ಟಿಲರಿಯ ಗೇಟು ದಾಟಿ ಅಥಣಿಯ ಸಂದಣಿ ಹಿಂದೆ ಬಿದ್ದಮೇಲೂ ಮಾಳೇಶನ ನಾಲಿಗೆಯ ಮೇಲೆಯೇ ಕೂತಿತ್ತು, ಎಲೆಗೆ ಸುಣ್ಣ ಹೆಚ್ಚಾಗಿ ಸುಟ್ಟ ಹಾಗೆ. "ಯಾರೂ ಅಲ್ರಿ," ಎಂದಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಮೊದಲ ಅವರ ಹೊಲದಾಗ ನಮ್ಮ ಕುರಿ ನಿಂದ್ರಸ್ತಿದ್ವಿ," ಎಂದೂ ಸೇರಿಸಿದ್ದ. ಟ್ಯಾಂಕರುಗಳನ್ನು ತುಂಬಿಸಿ ಕಳಿಸುವ ಕೆಲಸದ ದುಂಡೇಶ ಕೆಟ್ಟ ಮನುಷ್ಯನಲ್ಲ. ಗಣಕಯಂತ್ರದಿಂದ ಮುಖ ತಿರುಗಿಸಿ ಅವನನ್ನು ಪೂರ್ತಿ ನೋಡಿಯೇ ಮಾತಾಡಿದ. "ತಾಯಿ ತಂದಿ ಅಂದ್ರ ನಾನು ಹೆಂಗರ ಮಾಡ್ತಿದ್ದೆ. ಈ ಮಾಲಿಗೆ ಲೈಸೆನ್ಸಿನ ಮ್ಯಾಲೆ ಟ್ರೇನಿಂಗಿನ ಶಿಕ್ಕಾ ಇದ್ದವರ ಬೇಕು. ಇವತ್ತ ಇದ್ದಾವ್ರು ನೀವೊಬ್ರ. ಸೀಲ್ ಬಿದ್ದೈತಿ, ನಿಮ್ಮ ಹೆಸರೀಲೆ ಪಾಸ್ ಆಗೇತಿ. ಖಾಲಿ ಮಾಡಿ ಹೋಗ್ರಿ, ಮಣ್ಣು ಸಿಗದಿದ್ರ ಮಾರಿ ತೋರಿಸಿ ಬರ್ರಿ." ಯಾರ ಮಾರಿ ಯಾರಿಗೆ ತೋರಿಸುವುದು ಎಂದು ಮಾಳೇಶ ಕೇಳಲಿಲ್ಲ. ಬೆಳಿಗ್ಗೆ ಚಿಂಚಲಿಯಿಂದ ಫೋನು ಮಾಡಿದ್ದ ಅವ್ವ ಸಾವಕ್ಕನ ದನಿ ಇನ್ನೂ ಕಿವಿಯಲ್ಲಿತ್ತು. "ಶೇಡಬಾಳದ ಆಯಿ ಹೋದ್ಲಂತಪಾ. ಇಚಲಕರಂಜಿಯಿಂದ ಮಗಳು ಪ್ರಾಜಕ್ತಾ ಬರೂತನಕಾ ಇಡ್ತಾರಂತ. ನನ್ನ ಮೊಣಕಾಲಿಗಿ ಬಸ್ ಏರಾಕ ಆಗೂದಿಲ್ಲ. ನನ್ನ ಸಲುವಾಗಿ ನೀ ಹೋಗು. ಒಂದ ಕಟಗಿ ಹಾಕಿ ಬಾ."

ಕಾಗವಾಡದ ಕಡೆಗೆ ರಸ್ತೆ ನೆಟ್ಟಗಿತ್ತು. ಎರಡೂ ಬದಿ ಕಬ್ಬು, ನಡುನಡುವೆ ಟೊಂಗೆ ಸವರಿ ಬೋಳಾದ ದ್ರಾಕ್ಷಿಯ ತೋಟ. ಮಾಳೇಶ ಯಾರನ್ನೂ ಹಿಂದೆ ಹಾಕದೆ, ತನ್ನನ್ನು ಹಿಂದೆ ಹಾಕುವವರಿಗೆ ಬದಿ ಕೊಡುತ್ತ ನಿಧಾನ ಓಡಿಸುತ್ತಿದ್ದ. ಬೆನ್ನ ಹಿಂದೆ ಟ್ಯಾಂಕಿನ ತುಂಬ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟು. ಇದೇ ಕಬ್ಬು ಕಾರ್ಖಾನೆಯೊಳಗೆ ಹೋಗಿ ನೀರಿನ ಬಣ್ಣದ ಇನ್ನೊಂದು ಜೀವವಾಗಿ ಹೊರಗೆ ಬರುತ್ತದೆ ಎಂಬುದು ಮೊದಮೊದಲು ಅವನಿಗೆ ವಿಚಿತ್ರವೆನಿಸುತ್ತಿತ್ತು. ಬೆಳಗಾವಿಯಲ್ಲಿ ವರ್ಷಕ್ಕೊಮ್ಮೆ ಕೂಡಿಸುವ ತರಬೇತಿಯಲ್ಲಿ ಒಂದು ವಿಡಿಯೋ ತೋರಿಸಿದ್ದರು. ಬಯಲಿನಲ್ಲಿ ಒಬ್ಬ ಮನುಷ್ಯ ತನ್ನನ್ನು ತಾನೇ ಹೊಡೆದುಕೊಳ್ಳುತ್ತ ಓಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕಿದ್ದರು, ಜೇನು ಕಚ್ಚಿದೆಯೆಂದು. ಅವನು ಉರಿಯುತ್ತಿದ್ದಾನೆ, ಸ್ಪಿರಿಟ್ಟಿನ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಎಂದು ತರಬೇತಿಯವರು ಹೇಳಿದರು. ಅಂದಿನಿಂದ ಮಾಳೇಶನಿಗೆ ಬಿಸಿಲಿನಲ್ಲಿ ಕೈಬೀಸುತ್ತ ಓಡುವ ಯಾರನ್ನು ಕಂಡರೂ, ಬಸ್ಸಿಗೆ ಓಡುವವರನ್ನು ಕಂಡರೂ, ಎದೆ ಒಮ್ಮೆ ಹಿಡಿದುಕೊಳ್ಳುತ್ತದೆ. ಅವನು ಸಣ್ಣವನಿದ್ದಾಗ ಒಂದು ಮುಂಜಾನೆ ಆಯಿಯೂ ಹಾಗೆ ಕೈಬೀಸುತ್ತ ಓಡಿಬಂದಿದ್ದಳು, ಇಬ್ಬನಿ ಹರಿಯುವ ಮುಂಚೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಅಪ್ಪ ಮಾಳಸಿದ್ದ ಕುರಿಗಳ ನಡುವೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಕಂಬಳಿಯ ಗುಡಾರದೊಳಗೆ ಅವ್ವ ನರಳುತ್ತಿದ್ದಳು. ಅನುಸೂಯಾ ಆಯಿ, ಹೊಲದ ಒಡೆಯ ಧರೆಪ್ಪನ ಹೆಂಡತಿ, ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಜೈನರ ಮನೆಯಾಕೆ, ಕುರುಬರ ಹೆಂಗಸಿನ ತೋಳು ತನ್ನ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆಸಿಕೊಂಡು ಹೋದಳು. ತನ್ನ ಬಚ್ಚಲಲ್ಲೇ ಹೆರಿಗೆ ಮಾಡಿಸಿದಳು. ಹುಟ್ಟಿದ ಕೂಸಿಗೆ ಸುಜಾತಾ ಎಂದು ಹೆಸರಿಟ್ಟವಳೂ ಅವಳೇ. ಬಾಣಂತಿ ಏಳುವತನಕ ಮಾಳೇಶ ಪಡಸಾಲೆಯಲ್ಲಿ ಆಯಿಯ ಮಗ ಜಯಪಾಲನ ಜೊತೆ ಒಂದೇ ಕೌದಿಯಲ್ಲಿ ಮಲಗಿದ. ಸಂಜೆ ಎಲ್ಲಿ ಆಡುತ್ತಿದ್ದರೂ ಅವಳ ಕೂಗು ಬರುತ್ತಿತ್ತು, "ಹೊತ್ತ ಮುಳಗೂದರಾಗ ಉಣ್ಣ ಬರ್ರೋ." ಮುಂದೆ ಪ್ರತಿ ವರ್ಷ ಕೃಷ್ಣೆ ದಾಟಿ ಕುರಿ ಹೊಡೆದುಕೊಂಡು ಬಂದಾಗಲೂ ಅವನ ತಾಟು ಆ ಮನೆಯಲ್ಲಿ ಇರುತ್ತಿತ್ತು. ಒಮ್ಮೆ ಮಾತ್ರ ಆಯಿ, ಹೋದ ಸಲ ನೀನು ಎತ್ತಿಕೊಂಡು ತಿರುಗುತ್ತಿದ್ದ ಬಿಳಿ ಮರಿ ಎಲ್ಲಿ ಎಂದು ಕೇಳಿದಳು. ಕಟುಕರಿಗೆ ಹೋಯಿತೆಂದು ಅವನು ಹೇಳಿದಮೇಲೆ ಮತ್ತೆಂದೂ ಮರಿಗಳ ವಿಚಾರ ಎತ್ತಲಿಲ್ಲ.

"ವಾಸ ಬರಾಕತ್ತೈತಿ," ಎಂದ ಸಮಾಧಾನ. ಟ್ಯಾಂಕರಿನ ಎರಡನೆಯ ಆಳು ಅವನು, ಮಾಳೇಶನಿಗಿಂತ ಹಿರಿಯ, ನಿಪ್ಪಾಣಿಯವನು, ಅರ್ಧ ಮಾತು ಮರಾಠಿಯಲ್ಲೇ ಆಡುತ್ತಿದ್ದ. ವಾಸನೆ ಯಾವಾಗಲೂ ಇರುತ್ತದೆ, ಅಂಗಿಯಲ್ಲಿ, ಊಟದ ಡಬ್ಬಿಯಲ್ಲಿ, ಎಂದು ಮಾಳೇಶ ಹೇಳಹೊರಟ. ಆದರೆ ಇದು ಬೇರೆ, ಸಿಹಿಯಾಗಿ, ತಣ್ಣಗೆ, ಮೂಗಿನ ಒಳಗೆ ನೇರ ಏರುವಂಥದ್ದು. ಹಿಂದಿನ ಹಳ್ಳಿಯ ಉಬ್ಬಿನಲ್ಲಿ ಗಾಡಿ ಕುಕ್ಕಿದ್ದು ನೆನಪಾಯಿತು. ಆಗ ಅವನು ದುಂಡೇಶನಿಗೆ ಮನಸ್ಸಿನಲ್ಲೇ ಬೇರೊಂದು ಉತ್ತರ ಕೊಡುತ್ತಿದ್ದ. ಉಬ್ಬು ಕಂಡಿರಲಿಲ್ಲವೇ, ಕಂಡೂ ಕಾಲು ತಡವಾಯಿತೇ? ಇಲ್ಲೇ ನಿಲ್ಲಿಸಬೇಕೆಂದರೆ ಎಡಕ್ಕೆ ಮನೆಗಳಿದ್ದವು, ಒಂದು ಚಹದ ಅಂಗಡಿ, ಅದರ ಒಲೆ. ಮನೆಗಳು ಮುಗಿಯುವತನಕ ಉಸಿರು ಹಿಡಿದು ಓಡಿಸಿದ. ಬಯಲು ಸಿಕ್ಕಲ್ಲಿ, ಒಂದು ಕಚ್ಚಾ ಹಾದಿ ರಸ್ತೆಯನ್ನು ಸೇರುವ ಜಾಗದಲ್ಲಿ, ಗಾಡಿಯನ್ನು ಬದಿಗಿಳಿಸಿ ಎಂಜಿನ್ ಆರಿಸಿದ. ಬ್ಯಾಟರಿಯ ಸ್ವಿಚ್ಚು ಕಡಿದ. ಗಾಲಿಗಳಿಗೆ ಅಡೆ ಕೊಟ್ಟ. ಕೆಳಗೆ ಬಾಗಿ ನೋಡಿದರೆ ಹೊರಕೊಳವೆಯ ಜೋಡಣೆಯಲ್ಲಿ ಹನಿ ಕೂಡಿ, ಹಿಗ್ಗಿ, ಬೀಳುತ್ತಿತ್ತು. ಒಂದು ಬಿದ್ದೊಡನೆ ಇನ್ನೊಂದು. ಸಮಾಧಾನ ಬಕೆಟ್ಟು ಇಟ್ಟು ಸುತ್ತ ಮರಳು ಸುರಿದ. ಮಾಳೇಶ ದೂರ ಹೋಗಿ ಮೊದಲು ಅಗ್ನಿಶಾಮಕದವರಿಗೆ, ಆಮೇಲೆ ದುಂಡೇಶನಿಗೆ ಫೋನು ಮಾಡಿದ. "ಬರಾಕತ್ತೇವಿ, ಯಾರನ್ನೂ ಹತ್ರ ಬಿಡಬ್ಯಾಡ್ರಿ," ಎಂದರು ಇಬ್ಬರೂ. ಸಮಾಧಾನ ಅಥಣಿಯ ಕಡೆ ಹೋಗಿ ಕೆಂಪು ಬಟ್ಟೆ ಹಿಡಿದು ಗಾಡಿಗಳನ್ನು ತಡೆದ. ಮಾಳೇಶ ಇನ್ನೊಂದು ಕಡೆ, ಕಚ್ಚಾ ಹಾದಿಯ ಬಾಯಿಗೆ ಬಂದು ನಿಂತ. ತಾನು ನಿಂತದ್ದು ಎಲ್ಲಿ ಎಂಬುದು ಅವನಿಗೆ ಹೊಳೆದದ್ದು ಆಗ. ಹಾದಿ ಇಳಿದು ಹಳ್ಳ ದಾಟಿ ಹೋಗುತ್ತಿತ್ತು. ಹಳ್ಳದ ಆಚೆ, ದೂರದ ದಿಬ್ಬದ ಮೇಲೆ, ತಗಡಿನ ಒಂದು ಮಾಡು ಇಳಿಬಿಸಿಲಿಗೆ ಹೊಳೆಯುತ್ತಿತ್ತು. ಧರೆಪ್ಪನ ಮನೆಯವರ, ಆ ಭಾಗದ ಎಲ್ಲ ಜೈನರ ಸ್ಮಶಾನ ಅದು. ಊರು ಇಲ್ಲದ ಜಾಗ ಹುಡುಕಿ ನಿಲ್ಲಿಸಿದ್ದ. ಊರು ಬಿಟ್ಟವರು ಹೋಗುವ ಜಾಗ ಅದೇ ಆಗಿತ್ತು.

ಆಯಿಯ ಮಗಳು ಪ್ರಾಜಕ್ತಾ ಇಷ್ಟೊತ್ತಿಗೆ ಬಂದು ಮುಟ್ಟಿರಬಹುದು, ಎಲ್ಲ ಆಗಿಹೋಗಿರಲೂಬಹುದು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ದಿಬ್ಬದ ಮೇಲೆ ಹೊಗೆ ಇರಲಿಲ್ಲ. ಗಾಳಿ ಅವನ ಬೆನ್ನ ಕಡೆಯಿಂದ, ಟ್ಯಾಂಕರಿನ ಮೇಲಿಂದ ಹಾದು ಬರುತ್ತಿತ್ತು. ಈ ಸ್ಪಿರಿಟ್ಟಿನ ಆವಿ ಮೇಲಕ್ಕೆ ಏರುವುದಿಲ್ಲ, ನೆಲ ಹಿಡಿದು ತಗ್ಗು ಹುಡುಕುತ್ತ ಹೋಗುತ್ತದೆ ಎಂದಿದ್ದರು. ರಸ್ತೆಯ ಬದಿಯ ಚರಂಡಿಯಲ್ಲಿ ಒಣಹುಲ್ಲು ಸ್ವಲ್ಪ ಅಲ್ಲಾಡಿತು. ಏನಾದರೂ ಹರಿಯುತ್ತಿದೆಯೋ, ಬರಿಯ ಗಾಳಿಯೋ, ನೋಡಿ ಹೇಳುವಂತಿರಲಿಲ್ಲ. ಅವರು ಬರದೇ ಇರಲಿ ಎಂದು ಬೇಡಿಕೊಂಡ. ಸತ್ತವಳು ಇನ್ನಷ್ಟು ಹೊತ್ತು ಮನೆಯಲ್ಲೇ ಇರಲಿ ಎಂದು ಬೇಡಿಕೊಂಡಂತಾಯಿತು ಅದು. ಸೂರ್ಯನನ್ನು ನೋಡಿದ. ಹೊತ್ತು ಮುಳುಗಿದ ಮೇಲೆ ಆ ಮನೆಯವರು ಒಲೆ ಹೊತ್ತಿಸುವುದಿಲ್ಲ, ಚಿತೆಯನ್ನೂ ಹೊತ್ತಿಸುವುದಿಲ್ಲ. ಶೇಡಬಾಳದ ಕಡೆಯ ರಸ್ತೆಯಲ್ಲಿ, ಕಬ್ಬಿನ ತಿರುವಿನಿಂದ ಮೊದಲು ದನಿ ಕೇಳಿತು, ಹತ್ತಾರು ಗಂಡಸರು ಮೆಲ್ಲಗೆ ಒಟ್ಟಾಗಿ ಜೈನರ ಣಮೋಕಾರ ಮಂತ್ರ ಹೇಳುವ ದನಿ. ಆಮೇಲೆ ಚಟ್ಟ ಕಂಡಿತು. ಅದರ ಮುಂದೆ ಜಯಪಾಲ, ಬರಿಗಾಲು, ಒದ್ದೆ ಧೋತರ, ಕೈಯಲ್ಲಿ ಹಗ್ಗಕ್ಕೆ ತೂಗುಬಿಟ್ಟ ಮಡಕೆ. ಮಡಕೆಯ ಬಾಯಿಂದ ಬೆರಣಿಯ ಹೊಗೆ ನೀಲಿಯಾಗಿ ಹಿಂದಕ್ಕೆ ಹೋಗುತ್ತಿತ್ತು.

ಮಾಳೇಶ ಎರಡೂ ಕೈ ಅಡ್ಡ ಹಿಡಿದು ಎದುರಿಗೆ ಓಡಿದ. "ಅಲ್ಲೇ ನಿಂದರ್ರಿ, ಮುಂದ ಬರಬ್ಯಾಡ್ರಿ." ಚಟ್ಟ ನಿಂತಿತು. ಜಯಪಾಲ ಅವನ ಮುಖ ನೋಡಿದ. ಅಳು ಒಣಗಿ ಬಿಗಿದಿದ್ದ ಆ ಮುಖ ಒಮ್ಮೆ ಸಡಿಲವಾಯಿತು. "ಮಾಳ್ಯಾ, ಬಂದೀ?" ಎಂದ. ಬೆಳಿಗ್ಗೆಯಿಂದ ದಾರಿ ನೋಡಿ, ಬರಲಿಕ್ಕಿಲ್ಲವೆಂದು ಕೈಬಿಟ್ಟವನು ಬಂದನಲ್ಲ ಎಂಬ ನೆಮ್ಮದಿ ಆ ಒಂದು ಮಾತಿನಲ್ಲಿತ್ತು. ಹೌದು, ಬಂದೆ ಎಂದು ಹೇಳಿ ಚಟ್ಟಕ್ಕೆ ಹೆಗಲು ಕೊಡಲು ಮಾಳೇಶನ ಇಡೀ ಮೈ ಮುಂದಕ್ಕೆ ವಾಲಿತು. ಕಾಲು ಮಾತ್ರ ಕದಲಲಿಲ್ಲ. "ಡ್ಯೂಟಿ ಮ್ಯಾಲೆ ಅದೇನಿ," ಎಂದ. "ಗಾಡಿ ನಂದು. ಸ್ಪಿರಿಟ್ ಸೋರಾಕತ್ತೈತಿ. ಬೆಂಕಿ ಇದರ ಮುಂದಿಂದ ಒಯ್ಯಾಕ ಬರಾಂಗಿಲ್ಲ."

ಜಯಪಾಲನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವನ ಕಾಕಾನ ಮಗ ಭರತ ಚಟ್ಟದ ಹೆಗಲು ಬದಲಿಸಿ ಮುಂದೆ ಬಂದ. "ಹಂಗಿದ್ರ ಗಾಡಿ ಸರಸು."

"ಚಾಲೂ ಮಾಡಾಕ ಬರಾಂಗಿಲ್ರಿ. ಕಿಡಿ ಬಿದ್ದೀತು."

ಭರತ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಟ್ಯಾಂಕರಿನ ಕೆಳಗೆ ನೋಡಿದ. ಬಕೆಟ್ಟು ಕಂಡಿತು. "ಮನ್ಯಾಗ ನಳ ಇದಕಿಂತ ಹೆಚ್ಚ ಸೋರತೈತಿ. ಇಷ್ಟಕ್ಕ ಹೆಣ ನಿಂದ್ರಸ್ತಿ?"

"ಹನಿ ಅಲ್ರಿ, ಅದರ ಆವಿ ಕಾಣೂದಿಲ್ಲ. ಗಾಳಿ ಈ ಕಡೆ ಐತಿ. ಕೈ ಮುಗೀತೇನಿ."

"ಹೊತ್ತ ನೋಡು. ಎಷ್ಟ ಉಳದೈತಿ ನೋಡು." ಭರತ ಮುಂದೆ ನಡೆದ. ಮಾಳೇಶ ಎದೆ ಕೊಟ್ಟು ತಡೆದ. ಇಬ್ಬರೂ ಒಂದು ಗಳಿಗೆ ಅಪ್ಪಿಕೊಂಡವರಂತೆ ಜಗ್ಗಾಡಿದರು. ಭರತ ದೂಡಿದ್ದಕ್ಕೆ ಮಾಳೇಶ ಡಾಂಬರಿನ ಮೇಲೆ ಮೊಣಕಾಲೂರಿ ಬಿದ್ದ. ಎದ್ದು ಮತ್ತೆ ಅದೇ ಜಾಗದಲ್ಲಿ ನಿಂತ. ಪ್ಯಾಂಟು ಹರಿದು ಮೊಣಕಾಲು ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳಬೇಕೆಂದು ಅವನಿಗೆ ಅಂಥ ಹೊತ್ತಿನಲ್ಲೂ ಅನಿಸಿತು. "ನಿಮ್ಮ ಕುರಿ ನಿಂದ್ರಾಕ ನಮ್ಮ ಹೊಲ ಬೇಕಾಗಿತ್ತು," ಎಂದ ಭರತ, ಕೂಗದೆ, ಎಲ್ಲರಿಗೂ ಕೇಳುವ ಹಾಗೆ. "ಇವತ್ತ ನಮ್ಮ ಹೆಣಕ್ಕ ಹಾದಿ ಬಿಡವಲ್ಲಿ." ಚಟ್ಟ ಹೊತ್ತವರು ಹೆಗಲು ಬದಲಿಸಿಕೊಂಡರು. ಹಿಂದೆ, ಇಬ್ಬರ ತೋಳು ಹಿಡಿದು ನಿಂತಿದ್ದ ಮುದುಕ ಧರೆಪ್ಪ, ಯಾಕೆ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂದು ಕೇಳುತ್ತಿದ್ದ. ಕಿವಿ ಮಂದವಾದ ಅವನಿಗೆ ಈ ಮಾತೊಂದೂ ಕೇಳಿಸಿರಲಿಲ್ಲ.

ಜಯಪಾಲ ಹತ್ತಿರ ಬರಲು ಹೆಜ್ಜೆ ಎತ್ತಿದವನು ಮಡಕೆಯ ನೆನಪಾಗಿ ಅಲ್ಲೇ ನಿಂತ. ಅವರಿಬ್ಬರ ನಡುವೆ ಒಂದು ಎತ್ತಿನ ಬಂಡಿಯಷ್ಟು ನೆಲ ಖಾಲಿ ಇತ್ತು. "ಮಾಳ್ಯಾ," ಎಂದ, "ಖರೇ ಹೇಳು. ಬೆಂಕಿ ಹತ್ತತೈತೇನು?"

ಹೌದು, ಖಂಡಿತ ಹತ್ತುತ್ತದೆ ಎಂದುಬಿಟ್ಟರೆ ಎಲ್ಲ ಹಗುರವಾಗುತ್ತಿತ್ತು, ಜಯಪಾಲನಿಗೂ, ತನಗೂ. ಆದರೆ ಬಾಲ್ಯದ ಆ ಕೌದಿಯೊಳಗೆ ಪಿಸುಗುಟ್ಟಿಕೊಂಡ ದನಿಗೆ ಸುಳ್ಳು ಹೇಳಲು ಅವನಿಂದಾಗಲಿಲ್ಲ. "ಹತ್ತಬಹುದು. ಹತ್ತದೇನೂ ಇರಬಹುದು. ನನಗ ಗೊತ್ತಿಲ್ಲೋ."

"ಗೊತ್ತಿಲ್ಲ."

"ಇಲ್ಲ. ಆದ್ರ ನಾ ಬಿಡಾಂಗಿಲ್ಲ." ಆಮೇಲೆ, ಅದು ಬಹಳ ಗಟ್ಟಿಯಾಯಿತೆನಿಸಿ, ತಗ್ಗಿದ ದನಿಯಲ್ಲಿ, "ಮಡಕಿ ಆರಿಸಿದ್ರ... ಅಲ್ಲಿ ಕಡ್ಡೀಪೆಟಗಿ ಗೀರಿ..." ಎಂದ. ಮಾತು ಮುಗಿಯುವ ಮೊದಲೇ ಅದನ್ನು ಆಡಬಾರದಿತ್ತೆಂದು ತಿಳಿಯಿತು. ಆ ಮಡಕೆಯ ಬೆಂಕಿ ಮನೆಯ ಅಂಗಳದಿಂದ ಬಂದದ್ದು. ಆಯಿ ಜೀವಮಾನವಿಡೀ ಬೂದಿ ಮುಚ್ಚಿ ಕಾಯ್ದುಕೊಂಡ ಒಲೆಯ ಮನೆ ಅದು. ಜಯಪಾಲ ಮಡಕೆಯನ್ನು ತನ್ನ ಮೈಗೆ ಇನ್ನಷ್ಟು ಹತ್ತಿರ ಹಿಡಿದುಕೊಂಡ, ಇವನು ಕಸಿದುಕೊಂಡಾನು ಎಂಬಂತೆ. ಸೂರ್ಯನತ್ತ ಒಮ್ಮೆ ನೋಡಿದ. ಹಿಂದಕ್ಕೆ ತಿರುಗಿ, ರಸ್ತೆಯಿಂದ ಇಳಿದು, ಹೊಸದಾಗಿ ಕಡಿದ ಕಬ್ಬಿನ ಹೊಲದೊಳಗೆ ಕಾಲಿಟ್ಟ. ಚಟ್ಟ ಅವನ ಹಿಂದೆ ತಿರುಗಿತು.

ಹೊಲದ ಅಂಚು ಹಿಡಿದು ದೊಡ್ಡ ಸುತ್ತು ಹಾಕಿ ಹಳ್ಳಕ್ಕೆ ಇಳಿಯಬೇಕಾಗಿತ್ತು. ಕಡಿದ ಕಬ್ಬಿನ ಕೂಳೆ ಮಚ್ಚಿನ ಏಟಿಗೆ ಓರೆಯಾಗಿ, ನಿಲ್ಲಿಸಿದ ಚೂರಿಗಳ ಹಾಗೆ ಇರುತ್ತದೆ. ಜಯಪಾಲ ಬರಿಗಾಲಲ್ಲಿ ಅದರ ಮೇಲೆ ನಡೆದ. ಅವನು ಕಾಲು ನೋಡಿಕೊಳ್ಳದೆ ಮಡಕೆಯನ್ನಷ್ಟೇ ನೋಡುತ್ತ ಹೋಗುತ್ತಿದ್ದುದು ಮಾಳೇಶನಿಗೆ ದೂರದಿಂದ ತಿಳಿಯುತ್ತಿತ್ತು. ಹೊಲದ ತಗ್ಗಿನಲ್ಲಿ ನೀರು ಬಿಟ್ಟಿದ್ದರು. ಅಲ್ಲಿ ಚಟ್ಟದ ಮುಂದಿನ ಒಂದು ಹೆಗಲು ಕುಸಿಯಿತು, ಚಟ್ಟ ಓರೆಯಾಯಿತು, ಬಿಳಿಯ ಬಟ್ಟೆ ಸರಿದು ಏನೋ ಜೋತುಬಿತ್ತು. ಕೈಯೋ ಬಟ್ಟೆಯ ತುದಿಯೋ ಅವನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡ. ತೆರೆದಾಗ ಚಟ್ಟವನ್ನು ಕೆಸರಿನಲ್ಲೇ ಇಳಿಸಿ ನಾಲ್ಕಾರು ಜನ ಬಾಗಿ ಏನನ್ನೋ ಕಟ್ಟುತ್ತಿದ್ದರು. ಎಲ್ಲರಿಗಿಂತ ಹಿಂದೆ ಧರೆಪ್ಪ ಒಂದೊಂದೇ ಸಾಲು ದಾಟುತ್ತಿದ್ದ, ನದಿ ದಾಟುವವರ ಹಾಗೆ. ಓಡಿಹೋಗಿ ಅವನನ್ನು ಬೆನ್ನ ಮೇಲೆ ಹೊರಬಹುದಿತ್ತು, ಇಷ್ಟೇ ದೂರ. ಅಷ್ಟರಲ್ಲಿ ಕಾಗವಾಡದ ಕಡೆಯಿಂದ ಬೈಕಿನವನೊಬ್ಬ ಬೀಡಿ ಕಚ್ಚಿಕೊಂಡು ಬಂದ. ಮಾಳೇಶ ಅವನತ್ತ ಓಡಿ ಬೀಡಿ ಆರಿಸಿಸಿ, ಗಾಡಿ ತಿರುಗಿಸಿ ಕಳಿಸಿದ. ಮತ್ತೆ ಹೊಲದ ಕಡೆ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ಸೂರ್ಯ ಕಬ್ಬಿನ ಸೂಲಂಗಿ ಹೂಗಳಿಗೆ ತಾಗಿ ಕೆಂಪಾಗಿ ಒಡೆದು, ಇಳಿದುಹೋಯಿತು. ಆಮೇಲೆ, ಬಹಳ ಆಮೇಲೆ ಎನಿಸಿತು ಅವನಿಗೆ, ದಿಬ್ಬದ ಮೇಲೆ ಹೊಗೆ ಎದ್ದಿತು. ಮುಳುಗುವುದರೊಳಗೆ ಕೊಳ್ಳಿ ಇಟ್ಟಿದ್ದರೇ, ಮುಳುಗಿದ ಮೇಲೆಯೇ? ಹೊಗೆ ನೋಡಿ ಅದನ್ನು ಹೇಳುವುದು ಹೇಗೆ? ಸಮಾಧಾನ ಹತ್ತಿರ ಬಂದು ನಿಂತ. "ಆಪ್ತರೇನು?" ಎಂದು ಕೇಳಿದ. ಮಾಳೇಶ ಹೌದೆಂದು ತಲೆಯಾಡಿಸಿದ. "ಅರೇ ದೇವಾ," ಎಂದು ಸಮಾಧಾನ ತನ್ನ ಟೊಪ್ಪಿಗೆ ತೆಗೆದ.

ಅಗ್ನಿಶಾಮಕದವರು ಬಂದು ನೊರೆ ಹಾಸಿದರು. ಡಿಸ್ಟಿಲರಿಯ ಮೆಕ್ಯಾನಿಕ್ಕು ಕಿಡಿ ಹಾರದ ಹಿತ್ತಾಳೆಯ ಪಾನಾದಿಂದ ಜೋಡಣೆ ಬಿಗಿದ. ಹನಿ ನಿಂತಿತು. ಇಷ್ಟು ಸುಲಭಕ್ಕೆ ನಿಂತದ್ದು ಮಾಳೇಶನಿಗೆ ಅವಮಾನದಂತೆ ಕಂಡಿತು. ಒಂದು ಸಣ್ಣ ಸ್ಫೋಟವಾದರೂ, ಯಾರಿಗೂ ತಾಗದಂಥ ಒಂದು ಉರಿಯಾದರೂ ಎದ್ದಿದ್ದರೆ ಎಂದು ಬಯಸಿದ, ಬಯಸಿ ನಾಚಿದ. ಅಗ್ನಿಶಾಮಕದ ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಕೇಳಿದ, "ಮಡಕ್ಯಾಗಿನ ಬೆಂಕಿ ಇಲ್ಲಿಂದ ಹಾದು ಹೋಗಿದ್ರ ಏನಾಗ್ತಿತ್ರಿ?" ಅಧಿಕಾರಿ ಚರಂಡಿ ನೋಡಿದ, ಆಕಾಶ ನೋಡಿದ. "ಈಗ ಹೆಂಗ ಹೇಳೂದ್ರಿ? ಸಣ್ಣ ಲೀಕು. ಏನೂ ಆಗದಿರಬಹುದಿತ್ತು. ಆದ್ರ ನೀವು ಮಾಡಿದ್ದು ಬರೋಬ್ಬರಿ." ಮರುದಿನ ದುಂಡೇಶ ಡ್ರೈವರುಗಳ ವಾಟ್ಸಾಪ್ ಗುಂಪಿನಲ್ಲಿ ಮಾಳೇಶನ ಫೋಟೋ ಹಾಕಿ, ಎಲ್ಲರೂ ಇವರಂತೆ ನಿಯಮ ಪಾಲಿಸಬೇಕು ಎಂದು ಬರೆದ. ಕೆಳಗೆ ಹೆಬ್ಬೆರಳುಗಳು ಸಾಲಾಗಿ ಎದ್ದು ನಿಂತವು. ಅವ್ವನ ಫೋನು ಬಂದಾಗ ಅವನು ಎತ್ತಲಿಲ್ಲ. ಕಟ್ಟಿಗೆ ಹಾಕಿದೆಯಾ ಎಂದು ಕೇಳುತ್ತಾಳೆ.

ಬೂದಿ ಮುಚ್ಚುವ ಶಾಸ್ತ್ರ ಮುಗಿದ ಮೇಲೆ ಒಂದು ಮಧ್ಯಾಹ್ನ ಶೇಡಬಾಳದ ಆ ಮನೆಗೆ ಹೋದ. ಹೊಸ ಅಂಗಿ ತೊಟ್ಟಿದ್ದ. ಆದರೂ ಮೈಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿದೆಯೆನಿಸಿ ಬಾಗಿಲ ಹತ್ತಿರವೇ ನಿಂತ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಜಯಪಾಲ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಎರಡೂ ಪಾದಕ್ಕೆ ಬಟ್ಟೆ ಸುತ್ತಿತ್ತು. ಇವನನ್ನು ಕಂಡು ಕಾಲು ಮಡಚಲು ಹೋಗಿ, ನೋವಿಗೆ ಹಾಗೆಯೇ ಬಿಟ್ಟು, "ಬರ್ರಿ. ಕುಂದರ್ರಿ," ಎಂದ. ಯಾರನ್ನು ಕರೆಯುತ್ತಿದ್ದಾನೆಂದು ಮಾಳೇಶ ಹಿಂದೆ ನೋಡಿದ. ಹಿಂದೆ ಯಾರೂ ಇರಲಿಲ್ಲ. ಭರತ ತಂಬಿಗೆಯಲ್ಲಿ ನೀರು ತಂದಿಟ್ಟ. "ಅವತ್ತ ಸಿಟ್ಟಿನಾಗ ಅಂದೆ, ಮನಸಿಗಿ ಹಚ್ಕೋಬ್ಯಾಡ್ರಿ," ಎಂದು ನೆಲ ನೋಡುತ್ತ ಹೇಳಿ ಒಳಗೆ ಹೋದ. ಧರೆಪ್ಪ ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದವನು ಇವನನ್ನು ಗುರುತು ಹಿಡಿದು ಹತ್ತಿರ ಕೂಡಿಸಿಕೊಂಡ. ಬೆನ್ನ ಮೇಲೆ ಕೈ ಇಟ್ಟ.

"ಎಲ್ಲಾರೂ ಹೇಳಿದ್ರು. ನೀ ತಡೀದಿದ್ರ ಎಲ್ಲಾರೂ ಹೋಗ್ತಿದ್ವಂತ. ಚಲೋ ಮಾಡಿದಿ," ಎಂದ ಮುದುಕ. ಮಣಿಗಳು ಒಂದೆರಡು ಸರಿದವು. "ಆಕಿ ಈ ಊರಿಗಿ ಸೊಸಿಯಾಗಿ ಬಂದಾಗ ಆ ಹಾದೀಲೇ ಬಂಡಿ ಬಂದಿತ್ತಪಾ, ವಾಜಂತ್ರಿ ಹಚ್ಚಿ. ಹೋಗೂವಾಗ ಕೂಳ್ಯಾಗಿಂದ, ಕೆಸರಾಗಿಂದ ಹೋದ್ಲು. ಯಾರಿಗೂ ಕಾಣದಂಗ ಹಿತ್ತಲದಾಗಿಂದ ಕಳಿಸಿದಂಗ ಆತು. ಏನ ತಪ್ಪ ಮಾಡಿದ್ಲೋ ಆಕಿ." ಅವನು ಯಾರನ್ನೂ ದೂರುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದ. ಬೆನ್ನ ಮೇಲಿನ ಕೈ ಅಲ್ಲೇ ಇತ್ತು, ಹಗುರವಾಗಿ, ಒಣ ಎಲೆಯ ಹಾಗೆ. ಅದು ಇದ್ದಷ್ಟು ಹೊತ್ತು ಮಾಳೇಶನಿಗೆ ಏಳಲಾಗಲಿಲ್ಲ.

ಹೊರಡುವಾಗ ಜಯಪಾಲನ ಎದುರು ಕುಕ್ಕುರಗಾಲಲ್ಲಿ ಕೂತ. ಬಟ್ಟೆ ಸುತ್ತಿದ ಪಾದಗಳು ಇಬ್ಬರ ನಡುವೆ ಇದ್ದವು. ಒಂದರಲ್ಲಿ ಹಳದಿ ಮುಲಾಮು ಒಸರಿತ್ತು. ಮಾಳೇಶ ಕೈ ಚಾಚಿದ, ಮುಟ್ಟದೆ ಹಿಂದೆ ತೆಗೆದುಕೊಂಡ. "ಜಯಪಾಲಾ," ಎಂದ, "ಬೈಯಲೇ ನನಗ. ಒಂದ ಸಲ ಬಾಯಿ ತುಂಬ ಬೈದಬಿಡು."

ಜಯಪಾಲ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಅದನ್ನು ಮಾಳೇಶ ಬಹಳ ಹುಡುಕಿದ. ದಣಿವಿತ್ತು, ಮರ್ಯಾದೆ ಇತ್ತು, ಮನೆಗೆ ಬಂದ ಹೊರಗಿನವರನ್ನು ಬೇಸರವಾಗದಂತೆ ಕಳಿಸಿಕೊಡುವ ಒಳ್ಳೆಯತನವಿತ್ತು.

"ಯಾಕ ಬೈಬೇಕ್ರಿ?" ಎಂದ ಜಯಪಾಲ. "ನೀವು ನಿಮ್ಮ ಡ್ಯೂಟಿ ಮಾಡೀರಿ."

ಮಾಳೇಶ ಎದ್ದು ನಿಂತ. ಬಾಗಿಲಲ್ಲಿ ಚಪ್ಪಲಿ ಹುಡುಕಿ ಕಾಲಿಗೆ ಸಿಕ್ಕಿಸಿಕೊಂಡ.

"ಹೌದ್ರಿ," ಎಂದ.